ಜೋಗಪ್ಪನಿಗೆ ಕೈಮುಗಿದರೆ ಸಾಕೇ?

ಲೈಂಗಿಕ ಅಲ್ಪಸಂಖ್ಯಾತರ ವಿಚಾರ ಹೊರದೇಶದಿಂದ ಬಂದದ್ದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಆದರೆ ಯಾವಗಲ್ ಇರುವ ರೋಣ, ನರಗುಂದ ಸೀಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ ದೂರವಲ್ಲ. ಸೀರೆಯುಟ್ಟು, ಕೊಡ ಹೊತ್ತು ಬರುವ ಜೋಗಪ್ಪನಿಗೆ ಈ ಭಾಗದ ಭಕ್ತರು ತಲೆಮಾರುಗಳಿಂದ ಕೈಮುಗಿದಿದ್ದಾರೆ.

ಹಕ್ಕಿನ ಮಾತು ಬೇರೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಹುಡುಗರ ಅಪಹರಣದಂಥ ಶಂಕೆಯ ಮೇಲೆ ಈ ಸಮುದಾಯದವರ ಹೆಸರು, ವಾಸಸ್ಥಳಗಳ ಪಟ್ಟಿ ಇಡಲು ಅದು ಅವಕಾಶ ಕೊಟ್ಟಿತು. ನಾವು ನೋಡುವಂತೆ, ಹಳೆಯ ಗಾಳಿಮಾತೊಂದು ಕಾನೂನಿನೊಳಗೇ ಬಂದು ಕೂತಿತ್ತು! ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿನಲ್ಲಿ ಪ್ರಶ್ನಿಸಿದ ಬಳಿಕ, ಸಮುದಾಯವನ್ನು ಹೆಸರಿಸುತ್ತಿದ್ದ ಪದ ತೆಗೆದು ‘ವ್ಯಕ್ತಿ’ ಎಂದು ತಿದ್ದಲಾಯಿತು. ಸಂಗಮ ಸಂಸ್ಥೆಯ ಅರ್ಜಿಯಿಂದಾಗಿ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿಯೂ ಬಂತು.