ದೀಪಸ್ತಂಭದ ಬೆಕ್ಕು, ಕಾವೇರಿಯ ಬಿಳಿಮೀನು



ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಪ್ರಾಣಿ ಪಕ್ಷಿಗಳನ್ನು ಆದಾಮನ ಮುಂದೆ ತರುತ್ತಾರೆ. ಅವಕ್ಕೆ ಹೆಸರಿಡುವ ಕೆಲಸ ಮನುಷ್ಯನದು. (ಮೀನುಗಳನ್ನೂ ತಂದರೆಂದು ಅಲ್ಲಿ ಬರೆದಿಲ್ಲ, ನಿಜ. ಆದರೂ ಈ ಬರಹ ಕೊನೆಗೆ ಮೀನಿನ ಹತ್ತಿರವೇ ಬರುತ್ತದೆ.) ನಾವು ಸರಿಯಾಗಿ ಹೆಸರಿಡುವ ಮೊದಲೇ ಕೈತಪ್ಪಿದ ಜೀವಿಗಳೂ ಇವೆ.

1894ರಲ್ಲಿ ನ್ಯೂಜಿಲೆಂಡಿನ ಸ್ಟೀಫನ್ಸ್ ಎಂಬ ಪುಟ್ಟ ದ್ವೀಪದಲ್ಲಿ ದೀಪಸ್ತಂಭ ಶುರುವಾಯಿತು. ಕೆಲಸಗಾರರ ಜೊತೆ ಬೆಕ್ಕೂ ಬಂತು. ಅಲ್ಲಿ ಹಾರಲಾರದ ಒಂದು ಸಣ್ಣ ಹಕ್ಕಿ ಇತ್ತು. ನೆಲದ ಮೇಲೆ ಬೇಟೆಯಾಡುವ ಇಂಥ ಪ್ರಾಣಿಯನ್ನು ಅದು ಕಂಡೇ ಇರಲಿಲ್ಲ. ಬೆಕ್ಕು ಕೊಂದು ತಂದ ಹಕ್ಕಿಗಳನ್ನು ಡೇವಿಡ್ ಲಯಲ್ ಎಂಬ ದೀಪಸ್ತಂಭದ ಸಹಾಯಕ ಎತ್ತಿಟ್ಟ. ಅವು ಇಂಗ್ಲೆಂಡಿನವರೆಗೆ ಹೋದವು, ಹೊಸ ಪ್ರಭೇದವೆಂದು ಗೊತ್ತಾಯಿತು, ಲಯಲ್‌ನ ಹೆಸರೇ ಅದಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಹಕ್ಕಿ ಇಲ್ಲವಾಯಿತು. ಒಂದೇ ಬೆಕ್ಕು ಇಡೀ ಸಂತತಿಯನ್ನು ಮುಗಿಸಿತು ಎಂದು ಹೇಳುವುದುಂಟು. ಅದು ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು. ದ್ವೀಪದಲ್ಲಿ ಬೆಕ್ಕುಗಳು ಬೇಗ ಹೆಚ್ಚಿದ್ದವು, 1925ರ ಹೊತ್ತಿಗಷ್ಟೇ ಅವನ್ನು ಪೂರ್ತಿ ತೆಗೆಯಲಾಯಿತು.

ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮೇರಿಯನ್ ದ್ವೀಪದ್ದೂ ಇದೇ ಕಥೆ. ಹವಾಮಾನ ಕೇಂದ್ರದ ಇಲಿ ಕಾಟಕ್ಕೆಂದು 1949ರಲ್ಲಿ ಐದು ಬೆಕ್ಕುಗಳನ್ನು ತಂದರು. 1977ರ ಹೊತ್ತಿಗೆ ಮೂರು ಸಾವಿರ ದಾಟಿದವು. ವರ್ಷಕ್ಕೆ ಸುಮಾರು 4,50,000 ಕಡಲ ಹಕ್ಕಿಗಳು ಅವುಗಳ ಬಾಯಿಗೆ ಬೀಳುತ್ತಿದ್ದವೆಂದು ಅಂದಾಜು. 1991ಕ್ಕೆ ಬೆಕ್ಕುಗಳು ಮುಗಿದವು. ಇಲಿಗಳು ಉಳಿದವು, ಈಗ ಅವೇ ಆಲ್ಬಟ್ರಾಸ್ ಮರಿಗಳನ್ನು ಕಚ್ಚಿ ತಿನ್ನುತ್ತಿವೆ.

ಹೊಸೂರಿಗೂ ಕಡಲಿಗೂ ಏನು ಸಂಬಂಧ ಅಂತ ಕೇಳಬಹುದು. ಸಿಹಿನೀರಿನ ಮೀನಿಗೆ ಅದರ ನದಿಯೇ ದ್ವೀಪ. ಕಾವೇರಿಯ ಮೀನು ನೆಲದ ಮೇಲೆ ನಡೆದು ಕೃಷ್ಣೆಗೆ ಹೋಗಲಾರದು. ಹಾಗಾಗಿ ಒಂದೊಂದು ನದಿಯಲ್ಲಿ ಬೇರೆಲ್ಲೂ ಇಲ್ಲದ ಜೀವಿಗಳು ಬೆಳೆದಿವೆ. ಅಂಚೆಟ್ಟಿ ದಾಟಿ ಕಾಡಿಗಿಳಿದರೆ ಸಿಗುವ ಕಾವೇರಿಯಲ್ಲಿ, ಅಂದರೆ ಆ ದಡ ಕರ್ನಾಟಕ ಈ ದಡ ನಮ್ಮ ಕೃಷ್ಣಗಿರಿ ಜಿಲ್ಲೆ ಇರುವಲ್ಲಿ, ಅಂಥದ್ದೊಂದು ಮೀನಿತ್ತು: ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್. ಕಾವೇರಿ ದಡದ ಜನ ಮಹಶೀರನ್ನು ಬಿಳಿಮೀನು ಅನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಾವೇರಿ ಕೊಳ್ಳದಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ಒಬ್ಬ ದೊಡ್ಡ ಮನುಷ್ಯನ ತೂಕ!

ಅಣೆಕಟ್ಟು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು, ಇವೆಲ್ಲದರಿಂದ ಮಹಶೀರ್ ಕಡಿಮೆಯಾಗುತ್ತಿತ್ತು. ಆಗ ಒಳ್ಳೆಯ ಮನಸ್ಸಿನವರೇ ಒಂದು ಪರಿಹಾರ ಹುಡುಕಿದರು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಸಂಸ್ಥೆ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ಮಾಡಿಸುತ್ತಿತ್ತು. ಆ ಮರಿಗಳು ಹಲವು ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಮಹಶೀರ್ ಅಂದರೆ ಮಹಶೀರ್ ತಾನೆ ಅಂದುಕೊಂಡಿರಬೇಕು. ಆದರೆ ಅದು ಕಾವೇರಿಯದಲ್ಲ, ಬೇರೆಯದೇ ಪ್ರಭೇದ.

ಮುಂದೆ ಏನಾಯಿತು ಅನ್ನುವುದು ಸಂಗಮದ ಬಳಿಯ ಗಾಳಿಬೋರೆ ಶಿಬಿರದ ಪುಸ್ತಕಗಳಲ್ಲಿತ್ತು. ಅಲ್ಲಿ ಹವ್ಯಾಸಿಗಳು ಗಾಳ ಹಾಕಿ ಮೀನು ಹಿಡಿದು, ಬರೆದಿಟ್ಟು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ನೋಡಿದಾಗ ನೀಲಿ ರೆಕ್ಕೆಯವು ಏರುತ್ತಾ, ಗೂನುಬೆನ್ನಿನವು ಇಳಿಯುತ್ತಾ ಹೋಗಿದ್ದವು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಸಿಕ್ಕ ಗೂನುಬೆನ್ನಿನ ಮೀನುಗಳ ಗಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು. ದಡದಲ್ಲಿ ನಿಂತವನಿಗೆ ಅದು ಖುಷಿಯ ಸಂಗತಿ, "ಎಂಥಾ ಮೀನು!" ಅನ್ನುತ್ತಾನೆ. ನಿಜದಲ್ಲಿ ಮರಿಗಳೇ ಬರುತ್ತಿರಲಿಲ್ಲ, ಮುದಿ ಮೀನುಗಳಷ್ಟೇ ಉಳಿದಿದ್ದವು. ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಜ್ಜ ಅಜ್ಜಿಯರಷ್ಟೇ ಇರುವ ಊರಿನ ಹಾಗೆ.

ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ಪತ್ರದಲ್ಲಿ, ನಮಗೆ ಪರಿಚಯವೇ ಆಗದ, ನಮ್ಮ ಮಕ್ಕಳು ಎಂದೂ ಕಾಣದ ಸಾವಿರಾರು ಪ್ರಭೇದಗಳು ವರ್ಷವರ್ಷ ಅಳಿಯುತ್ತಿವೆ ಎಂದು ನೊಂದುಕೊಂಡಿದ್ದಾರೆ. ಈ ಮೀನಿನ ಫೋಟೋಗಳು ಪ್ರಪಂಚವೆಲ್ಲ ಸುತ್ತಿದ್ದರೂ ಅದರ ಸರಿಯಾದ ವೈಜ್ಞಾನಿಕ ಹೆಸರು ಯಾವುದೆಂದು ಯಾರಿಗೂ ಖಚಿತವಿರಲಿಲ್ಲ. ಹೆಸರಿಲ್ಲದ್ದನ್ನು ಕಾಪಾಡಬೇಕಾದ ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಮೋಯಾರ್ ಹೊಳೆಯ ಮೀನುಗಳನ್ನು ಪರೀಕ್ಷಿಸಿದಾಗ, 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಿದ್ದ 'ಟಾರ್ ರೆಮಾದೇವಿ' ಇದೇ ಎಂದು ಗೊತ್ತಾಯಿತು. ಚೆನ್ನೈನ ಮೀನು ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಸ್ಟೀಫನ್ಸ್ ದ್ವೀಪದ ಹಕ್ಕಿಗೆ ಈ ಅವಕಾಶ ಸಿಗಲಿಲ್ಲ. ಬಿಳಿಮೀನಿಗೆ ಇನ್ನೂ ಇದೆ, ಮೋಯಾರಿನಲ್ಲಿ ಕೆಲವು ಉಳಿದಿವೆ. ಅಂದಹಾಗೆ, ಅಕ್ವೇರಿಯಂ ಮೀನು ಸಾಕಾಯಿತೆಂದು ಅದನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರು ನಮ್ಮ ಯುವಕೂಟದಲ್ಲೂ ಇದ್ದೀರಿ. ಮುಂದಿನ ಭಾನುವಾರ ಪೂಜೆಯ ನಂತರ ಸಿಗಿ, ಮಾತಾಡೋಣ.