ಬಿಲ್ಡ್ ಸ್ಕ್ರಿಪ್ಟಿನಲ್ಲಿ ಪ್ರಾಪರ್ಟಿ ಕಡತಗಳು: ಅಧಿಕಾರಕ್ರಮದ ಒಂದು ವಿವೇಚನೆ

ಬರೆದ ಪ್ರೋಗ್ರಾಮು ಬಳಕೆಗೆ ಸಿದ್ಧವಾಗಬೇಕಾದರೆ ಅದರ ಮೂಲ ಕಡತಗಳನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸಿ ಒಂದುಗೂಡಿಸಬೇಕಾಗುತ್ತದೆ. ಈ ಕಾರ್ಯಗಳ ಕ್ರಮವನ್ನು ಬರೆದಿಟ್ಟ ಕಡತಕ್ಕೆ ಬಿಲ್ಡ್ ಸ್ಕ್ರಿಪ್ಟ್ ಎಂದು ಹೆಸರು. ಕ್ರಮವು ಎಲ್ಲೆಡೆಯೂ ಒಂದೇ ಆದರೂ ಕೆಲವು ವಿವರಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ: ಕಡತಗಳಿರುವ ಸ್ಥಳ, ಡೇಟಾಬೇಸಿನ ವಿಳಾಸ, ಪಾಸ್‌ವರ್ಡು ಮುಂತಾದುವು. ಇವನ್ನು ಹೊರಗಿನ ಪ್ರಾಪರ್ಟಿ ಕಡತದಲ್ಲಿಟ್ಟು ಕೆಲಸದ ಆರಂಭದಲ್ಲಿ ಓದಿಕೊಳ್ಳುವ ಪದ್ಧತಿಯನ್ನು ಕೇವಲ ಅನುಕೂಲದ ಏರ್ಪಾಡೆಂದು ಭಾವಿಸುವುದುಂಟು. ಆದರೆ ಒಂದೇ ಹೆಸರಿಗೆ ಎರಡು ಕಡತಗಳು ಎರಡು ಬೆಲೆಗಳನ್ನು ಹೇಳಿದರೆ ಯಾರ ಮಾತು ನಿಲ್ಲಬೇಕು? ಈ ಪದ್ಧತಿಯ ಚರಿತ್ರೆಯು ಬಹುಮಟ್ಟಿಗೆ ಈ ಪ್ರಶ್ನೆಯ ಚರಿತ್ರೆಯೇ ಆಗಿದೆಯೆಂದು ನನಗೆ ತೋರುತ್ತದೆ.

1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ನರು ಮೇಕ್ ಎಂಬ ಸಾಧನವನ್ನು ರಚಿಸಿದರು. ಅದರಲ್ಲಿ ಒಂದು ಹೆಸರಿಗೆ ಎರಡು ಸಲ ಬೆಲೆಯನ್ನು ಕೊಟ್ಟರೆ ಕೊನೆಯದು ನಿಲ್ಲುತ್ತದೆ. ಆಜ್ಞೆಯ ಸಾಲಿನಲ್ಲಿ ಕೊಟ್ಟದ್ದು ಸಾಮಾನ್ಯವಾಗಿ ಕಡತದಲ್ಲಿರುವುದನ್ನು ಮೀರುತ್ತದೆ. ಮೇಕಿನ ಆಜ್ಞೆಗಳು ಟ್ಯಾಬ್ ಚಿಹ್ನೆಯಿಂದಲೇ ಆರಂಭವಾಗಬೇಕೆಂಬ ನಿಯಮವು ಪ್ರಸಿದ್ಧವಾದುದು. ಅದರ ತೊಡಕು ಬೇಗನೆ ತಿಳಿದರೂ, ಆಗಲೇ ಇದ್ದ ಸುಮಾರು ಹನ್ನೆರಡು ಮಂದಿ ಬಳಕೆದಾರರಿಗೆ ತೊಂದರೆಯಾದೀತೆಂದು ಫೆಲ್ಡ್‌ಮನ್ನರು ಅದನ್ನು ಬದಲಿಸಲಿಲ್ಲ. ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯವನ್ನು ಲಕ್ಷಾಂತರ ಮಂದಿ ಇಂದಿಗೂ ಹೊರುತ್ತಿದ್ದಾರೆ!

ಜೇಮ್ಸ್ ಡಂಕನ್ ಡೇವಿಡ್ಸನ್ನರು ಟಾಮ್‌ಕ್ಯಾಟ್ ಎಂಬ ಜಾವಾ ತಂತ್ರಾಂಶದ ನಿರ್ಮಾಣಕ್ಕಾಗಿ ರಚಿಸಿದ ಆ್ಯಂಟ್, 2000ದ ಜುಲೈ ತಿಂಗಳಿನಲ್ಲಿ ಸ್ವತಂತ್ರ ಸಾಧನವಾಗಿ ಹೊರಬಂದಿತು. ಇದರ ನಿಯಮವು ಮೇಕಿಗೆ ವಿರುದ್ಧವಾದುದು: ಪ್ರಾಪರ್ಟಿಗೆ ಮೊದಲು ಕೊಟ್ಟ ಬೆಲೆಯೇ ಸ್ಥಿರ, ಆಮೇಲೆ ಬಂದುದನ್ನು ಆ್ಯಂಟ್ ಲೆಕ್ಕಿಸುವುದಿಲ್ಲ. ಬದಲಾಗದ ಪ್ರಾಪರ್ಟಿಯಿಂದ ಏನು ಪ್ರಯೋಜನವೆಂದು ಆಕ್ಷೇಪಿಸಿದವರುಂಟು. ಈ ಆಕ್ಷೇಪವು ಸರಿಯಲ್ಲ. ರೂಢಿಯಲ್ಲಿ ಸ್ಕ್ರಿಪ್ಟ್ ಮೊದಲು ಕೆಲಸಗಾರನ ಸ್ವಂತ ಕೋಶದಲ್ಲಿರುವ ಕಡತವನ್ನು ಓದುತ್ತದೆ. ಬಳಿಕ ಯೋಜನೆಯ ಕಡತವನ್ನು. ಕೊನೆಗೆ ತನ್ನಲ್ಲಿಯೇ ಬರೆದಿರುವ ಸಾಮಾನ್ಯ ಬೆಲೆಗಳನ್ನು. ಮೊದಲ ಮಾತೇ ನಿಲ್ಲುವುದರಿಂದ ವ್ಯಕ್ತಿಯ ಇಚ್ಛೆ ಯೋಜನೆಯ ನಿಯಮವನ್ನು ಮೀರುತ್ತದೆ, ಯೋಜನೆಯ ನಿಯಮವು ಸಾಮಾನ್ಯ ಬೆಲೆಯನ್ನು ಮೀರುತ್ತದೆ. ಆಜ್ಞೆಯ ಸಾಲಿನಲ್ಲಿ ಕೊಟ್ಟದ್ದು ಇವೆಲ್ಲಕ್ಕಿಂತ ಮೊದಲೇ ನಿಶ್ಚಿತವಾಗಿರುತ್ತದೆ. ಹೀಗೆ ಓದುವ ಕ್ರಮವೇ ಅಧಿಕಾರದ ಕ್ರಮ. ಸ್ವಂತ ಕಡತವೇ ಇಲ್ಲದವನಿಗೂ ಅಡ್ಡಿಯಿಲ್ಲ. ಹೆಸರಿಸಿದ ಕಡತವು ಸಿಗದಿದ್ದರೆ ಆ್ಯಂಟಿನ ಪ್ರಾಪರ್ಟಿ ಆಜ್ಞೆಯು ಕೆಲಸವನ್ನು ನಿಲ್ಲಿಸದೆ ಮುಂದೆ ಸಾಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಎರಡು ಕಡತಗಳ ನಡುವೆ ವಿರೋಧ ಬಂದರೆ ಮೊದಲನೆಯದು ಗೆಲ್ಲುತ್ತದೆಯಷ್ಟೆ. ಒಂದೇ ಕಡತದೊಳಗೆ ಹೆಸರು ಎರಡು ಸಲ ಬಂದರೆ ಕೊನೆಯದು ಗೆಲ್ಲುತ್ತದೆ. ಕಾರಣವಿಷ್ಟೆ: ಕಡತವನ್ನು ಓದುವ ಕೆಲಸವನ್ನು ಆ್ಯಂಟ್ ತಾನು ಮಾಡದೆ, 1996ರ ಜಾವಾ ಮೊದಲ ಆವೃತ್ತಿಯಿಂದಲೂ ಇರುವ ಪ್ರಾಪರ್ಟೀಸ್ ಎಂಬ ಭಾಗಕ್ಕೆ ಒಪ್ಪಿಸುತ್ತದೆ. ಒಂದೇ ಶಾಸನದಲ್ಲಿ ಎರಡು ಕಾಲದ ಕೈಬರಹಗಳು ಕಂಡರೆ ನಾವು ಹೇಗೆ ಬೇರ್ಪಡಿಸಿ ಓದುವೆವೋ, ಇದನ್ನೂ ಹಾಗೆಯೇ ಓದಬೇಕು.

2012ರಲ್ಲಿ 1.0 ಆವೃತ್ತಿಯನ್ನು ತಲುಪಿದ ಗ್ರೇಡಲ್, ಮೊದಲು ಬಂದದ್ದೇ ಸ್ಥಿರವೆಂಬ ಸೂತ್ರವನ್ನು ಅನುಸರಿಸಲಿಲ್ಲ. ಆದರೂ ಅದರಲ್ಲಿ ಆಜ್ಞೆಯ ಸಾಲಿಗೆ ಅಗ್ರಸ್ಥಾನ. ವ್ಯಕ್ತಿಯ ಸ್ವಂತ ಕಡತವು ಯೋಜನೆಯ ಕಡತಕ್ಕಿಂತ ಮೇಲು. ವಿಧಾನವು ಬೇರೆಯಾದರೂ ತೀರ್ಮಾನವು ಆ್ಯಂಟಿನದೇ. ಪಾಸ್‌ವರ್ಡುಗಳನ್ನು ಎಲ್ಲರೂ ಹಂಚಿಕೊಳ್ಳುವ ಸ್ಕ್ರಿಪ್ಟಿನಲ್ಲಿ ಬರೆಯದಿರುವುದಕ್ಕೂ ಈ ಏರ್ಪಾಡೇ ಆಧಾರ.

ಓದುವ ಕ್ರಮದಂತೆಯೇ ಓದುವ ಅಕ್ಷರಸಂಕೇತವೂ 1996ರಲ್ಲಿಯೇ ನಿಶ್ಚಯವಾಯಿತು. ಅದು ಕನ್ನಡಕ್ಕೂ ತಟ್ಟಿತು. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿದ್ದಿತು. ಜಾವಾ ಭಾಷೆಯೂ ಯೂನಿಕೋಡನ್ನು ಒಪ್ಪಿದ್ದಿತು. ಆದರೆ ಪ್ರಾಪರ್ಟಿ ಕಡತಗಳನ್ನು ಮಾತ್ರ ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಏರ್ಪಟ್ಟ ಲ್ಯಾಟಿನ್-1 ಸಂಕೇತದಲ್ಲಿ ಓದಲಾಗುತ್ತಿದ್ದಿತು. ಆದುದರಿಂದ ಕನ್ನಡದ ಪ್ರತಿಯೊಂದು ಸಂಕೇತವನ್ನೂ ಒಂದು ಓರೆಗೆರೆ, ಯು ಅಕ್ಷರ, ನಾಲ್ಕು ಅಂಕಚಿಹ್ನೆ, ಹೀಗೆ ಆರು ಗುರುತುಗಳಲ್ಲಿ ಬರೆಯಬೇಕಾಯಿತು. ‘ಕನ್ನಡ’ ಎಂಬ ಪದದಲ್ಲಿ ವಿರಾಮಚಿಹ್ನೆಯೂ ಸೇರಿ ಐದು ಸಂಕೇತಗಳು. ಬರೆಯಬೇಕಾದ ಗುರುತುಗಳು ಮೂವತ್ತು. ಈ ಪರಿವರ್ತನೆಗೆಂದೇ ಜಾವಾದೊಡನೆ ಒಂದು ಪ್ರತ್ಯೇಕ ಉಪಕರಣವನ್ನು ಕೊಡುತ್ತಿದ್ದರು. 2006ರ ಜಾವಾ 6ರಲ್ಲಿ ಬೇರೆ ಸಂಕೇತದಲ್ಲಿ ಓದಿಸುವ ಮಾರ್ಗವೊಂದು ತೆರೆಯಿತು. 2017ರ ಜಾವಾ 9, ಅನುವಾದಿತ ಸಂದೇಶಗಳ ಪ್ರಾಪರ್ಟಿ ಕಡತಗಳನ್ನು ಯುಟಿಎಫ್-8 ಸಂಕೇತದಲ್ಲಿಯೇ ಓದತೊಡಗಿತು. ಹಳೆಯ ಉಪಕರಣವನ್ನು ಆ ಆವೃತ್ತಿಯಿಂದ ತೆಗೆದುಹಾಕಿದರು.