ಅಗಸೆಯ ಎಣ್ಣೆ ಮತ್ತು ತೈಲಚಿತ್ರದ ಉಗಮ

ತೈಲಚಿತ್ರಕಲೆಯನ್ನು ಕಂಡುಹಿಡಿದವನು ಯಾರೆಂಬ ಪ್ರಶ್ನೆಗೆ ಯುರೋಪಿನ ಗ್ರಂಥಗಳು ಎರಡು ಶತಮಾನಗಳಿಗೂ ಮಿಗಿಲಾಗಿ ಒಂದೇ ಹೆಸರನ್ನು ಹೇಳುತ್ತ ಬಂದವು. ಅದು ಫ್ಲಾಂಡರ್ಸಿನ ಯಾನ್ ವಾನ್ ಐಕನದು. 1550ರಲ್ಲಿ ಮೊದಲು ಪ್ರಕಟವಾದ, ಇಟಲಿಯ ಜಾರ್ಜೊ ವಸಾರಿಯ ಕಲಾವಿದರ ಚರಿತ್ರೆಯೇ ಈ ನಂಬುಗೆಗೆ ಆಧಾರ. ಬಿಸಿಲಿಗಿಟ್ಟ ಹಲಗೆಯ ಚಿತ್ರವೊಂದು ಬಿರಿದುಹೋಗಲು, ನೆರಳಿನಲ್ಲಿಯೇ ಒಣಗುವ ದ್ರವ್ಯವನ್ನರಸಿದ ವಾನ್ ಐಕನು ಅಗಸೆ ಮತ್ತು ಆಕ್ರೋಟದ ಎಣ್ಣೆಗಳನ್ನು ಕಂಡುಕೊಂಡನೆಂಬುದು ವಸಾರಿಯ ಕಥನ.

ಈ ಎಣ್ಣೆಗಳ ವೈಶಿಷ್ಟ್ಯವಾದರೂ ಏನು? ಬಣ್ಣದ ಪುಡಿ ತಾನಾಗಿ ಹಲಗೆಗೆ ಅಂಟುವುದಿಲ್ಲ. ಅದನ್ನು ಹಿಡಿದಿಡಲು ಬಂಧಕದ್ರವ್ಯವೊಂದು ಬೇಕು. ಇಟಲಿಯ ವರ್ಣಚಿತ್ರಕಾರರು ಬಹುಕಾಲ ಇದಕ್ಕೆ ಮೊಟ್ಟೆಯ ಹಳದಿಯನ್ನು ಬಳಸಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಯಾಗುವ ಅಗಸೆಯ ಬೀಜದಿಂದ ಬರುವ ಎಣ್ಣೆ ನೀರಿನಂತೆ ಆವಿಯಾಗಿ ಹೋಗುವುದಿಲ್ಲ, ಕೊಬ್ಬರಿಯೆಣ್ಣೆಯಂತೆ ಜಿಡ್ಡಾಗಿಯೂ ಉಳಿಯುವುದಿಲ್ಲ. ಅದರಲ್ಲಿ ಹೇರಳವಾಗಿರುವ ಲಿನೊಲೆನಿಕ್ ಆಮ್ಲವು ಗಾಳಿಯ ಆಮ್ಲಜನಕವನ್ನು ಹೀರಿ, ಅಣುವಿಗೆ ಅಣು ಹೆಣೆದುಕೊಂಡು, ಪಾರದರ್ಶಕವಾದ ಗಟ್ಟಿ ಪೊರೆಯಾಗುತ್ತದೆ. ಬಣ್ಣದ ಕಣಗಳು ಆ ಪೊರೆಯೊಳಗೆ ಸೆರೆಯಾಗುತ್ತವೆ.

ಆದರೆ ಈ ಜ್ಞಾನವು ವಾನ್ ಐಕನಿಗಿಂತ ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಥಿಯೊಫಿಲಸ್ ಎಂಬ ಹೆಸರಿನಲ್ಲಿ ಬರೆದ ಸಂನ್ಯಾಸಿಯೊಬ್ಬನು ಅಗಸೆಯ ಬೀಜವನ್ನು ಬಾಣಲೆಯಲ್ಲಿ ಒಣಗಿಸಿ, ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ ಕಾಯಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡುವ ಕ್ರಮವನ್ನು ವಿವರಿಸಿದ್ದಾನೆ; ಆ ಎಣ್ಣೆಯಲ್ಲಿ ಬಣ್ಣ ಅರೆಯುವುದನ್ನೂ ಹೇಳಿದ್ದಾನೆ. ಒಂದು ಬಣ್ಣ ಒಣಗುವವರೆಗೆ ಮತ್ತೊಂದನ್ನು ಹಚ್ಚಲಾಗದಾದ್ದರಿಂದ ಮಾನವಾಕೃತಿಗಳ ರಚನೆಗೆ ಇದು ದೀರ್ಘವೂ ಬೇಸರದ್ದೂ ಆದ ಕೆಲಸವೆಂಬುದು ಅವನ ಆಕ್ಷೇಪ. ವೋಲ್ಫೆನ್‌ಬ್ಯೂಟಲ್ ಗ್ರಂಥಾಲಯದ ಅಧಿಕಾರಿಯಾಗಿದ್ದ ಜರ್ಮನ್ ಸಾಹಿತಿ ಲೆಸ್ಸಿಂಗ್ 1774ರಲ್ಲಿ ಈ ಗ್ರಂಥವನ್ನು ಸಾಕ್ಷಿಯಾಗಿಟ್ಟು ವಸಾರಿಯ ಮಾತನ್ನು ಅಲ್ಲಗಳೆದನು. ಏಷ್ಯದ ಸಾಕ್ಷ್ಯವು ಇನ್ನೂ ಹಿಂದಕ್ಕೆ ಹೋಗುತ್ತದೆ. ಆಫ್ಘಾನಿಸ್ಥಾನದ ಬಾಮಿಯಾನ್ ಗುಹೆಗಳಲ್ಲಿನ ಏಳನೆಯ ಶತಮಾನದ ಬೌದ್ಧ ಭಿತ್ತಿಚಿತ್ರಗಳಲ್ಲಿ ಒಣಗುವ ಎಣ್ಣೆಯ ಅಂಶವಿರುವುದು 2008ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಗಳಿಂದ ತಿಳಿದುಬಂದಿತು. ಅಲ್ಲಿಯದು ಅಗಸೆಯಲ್ಲ, ಆಕ್ರೋಟ ಅಥವಾ ಗಸಗಸೆಯ ಎಣ್ಣೆಯಾಗಿರಬಹುದೆಂದು ವಿದ್ವಾಂಸರ ಊಹೆ.

ಹಾಗಾದರೆ ವಾನ್ ಐಕನ ಹಿರಿಮೆ ಎಲ್ಲಿದೆ? ಸಂನ್ಯಾಸಿಗೆ ದೋಷವಾಗಿ ಕಂಡ ನಿಧಾನವೇ ಅವನ ಕೈಯಲ್ಲಿ ಗುಣವಾಯಿತು. ಬಣ್ಣವು ಹಸಿಯಾಗಿರುವಷ್ಟು ಕಾಲ ಒಂದು ಛಾಯೆಯನ್ನು ಮತ್ತೊಂದರಲ್ಲಿ ಕರಗಿಸಬಹುದು. ಒಣಗಿದ ಮೇಲೆ ತೆಳುವಾದ ಪಾರದರ್ಶಕ ಲೇಪಗಳನ್ನು ಒಂದರ ಮೇಲೊಂದು ಹರಡಬಹುದು. ಹಾಗೆ ಹರಡಿದಾಗ ಬೆಳಕು ಲೇಪಗಳನ್ನು ಹೊಕ್ಕು, ಅಡಿಯ ಬಿಳಿಯನ್ನು ಮುಟ್ಟಿ, ಮರಳಿ ಬರುತ್ತದೆ. 1432ರ ಘೆಂಟ್ ನಗರದ ಪೂಜಾಫಲಕವೂ 1434ರ ಆರ್ನೊಲ್ಫಿನಿ ದಂಪತಿಗಳ ಚಿತ್ರವೂ ಇದಕ್ಕೆ ನಿದರ್ಶನಗಳು.

ಒಬ್ಬನ ತಲೆಗೆ ಕಿರೀಟವಿಟ್ಟ ವಸಾರಿಯ ಕಥೆ ಎಣ್ಣೆ ಹಿಂಡಿದ, ಬಣ್ಣ ಅರೆದ ಅನೇಕ ತಲೆಮಾರುಗಳನ್ನು ಮರೆಯಿಸಿತು. ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರೆ ವಾನ್ ಐಕನ ಕೀರ್ತಿಗೆ ಕುಂದಿಲ್ಲ. ಆರ್ನೊಲ್ಫಿನಿಯ ಪತ್ನಿ ತೊಟ್ಟ ಹಸಿರು ನಿಲುವಂಗಿಯ ಮಡಿಕೆಗಳಲ್ಲಿ ಆ ಬೆಳಕು ಆರು ಶತಮಾನಗಳ ಸಮೀಪಕ್ಕೆ ಬಂದರೂ ಮಾಸಿಲ್ಲ.